ಚೂರು ಮಾಡಿ ಹಂಚುವ ಭಾವ

ಕೇಬಲ್ ಕಂಪನಿಯಲ್ಲಿ ಸಿನಿಮಾಗಳನ್ನು ಡಿಸ್ಕುಗಳಿಗೆ ತುಂಬಿಡುವುದು ನಮ್ಮ ಭಾವನ ಕೆಲಸ. ಒಂದೊಂದು ಸಿನಿಮಾವನ್ನೂ ಚೂರು ಚೂರು ಮಾಡಿ ಹತ್ತಾರು ಡಿಸ್ಕುಗಳಿಗೆ ಹಂಚುತ್ತಾರೆ; ಎಲ್ಲವೂ ಒಟ್ಟಿಗೆ ದುಡಿದರೆ ಊರೆಲ್ಲ ಕೂತು ನೋಡಿದರೂ ಚಿತ್ರ ತಡವರಿಸುವುದಿಲ್ಲವಂತೆ. ಈ ಹುಚ್ಚು ಮನೆಗೂ ಹತ್ತಿದೆ. ಒಂದು ಚಪ್ಪಲಿ ಅಟ್ಟದ ಮೇಲೆ, ಇನ್ನೊಂದು ಮಂಚದ ಕೆಳಗೆ. ಚಹಾಪುಡಿ ಅವರ ಮನೆಯಲ್ಲಿ, ಸಕ್ಕರೆ ನನ್ನ ಮನೆಯಲ್ಲಿ. "ನಿಮ್ಮ ತಲೆಬುರುಡೇನ ಯಾರ ಮನೇಲಿ ಇಟ್ಟಿದ್ದೀರಿ ಭಾವ?" ಎಂದು ರೇಗಿದರೆ, "ಒಂದೇ ಕಡೆ ಇಟ್ರೆ ಒಂದೇ ಸಲ ಹೋಗ್ಬಿಡುತ್ತೆ ಕಣೋ" ಎನ್ನುತ್ತಾರೆ. ತೀರಿಹೋದ ಅಕ್ಕನ ಒಂದೇ ಒಂದು ವಿಡಿಯೋ ಉಳಿದಿತ್ತು. ಅದನ್ನೂ ಕತ್ತರಿಸಿ ನೆಂಟರ ಫೋನುಗಳಿಗೆಲ್ಲ ಹಂಚಿಬಿಟ್ಟಿದ್ದಾರೆ. ಅವಳನ್ನು ನೋಡಬೇಕೆಂದರೆ ನಾವೆಲ್ಲ ಅವರ ಮನೆಯಲ್ಲಿ ಸೇರಲೇಬೇಕು. ಆ ಮನೆಯ ಮೆಟ್ಟಿಲು ಹತ್ತುವುದಿಲ್ಲವೆಂದು ಸಿಟ್ಟಿನಲ್ಲಿ ಎಷ್ಟೋ ಸಲ ಆಣೆ ಮಾಡಿದ್ದೇನೆ. ಏನು ಮಾಡಲಿ, ಅಕ್ಕ ನಗುವ ಚೂರು ನನ್ನ ಫೋನಿನಲ್ಲಿದೆ.