ಕೆರೆ ಏರಿಯ ಮೇಲೆ ರಾಜ್ಯಶಾಸ್ತ್ರ

ಆ ಮೇಷ್ಟ್ರನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೈಸೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ಹುಡುಗರಿಗೆ, ಅವರಲ್ಲೊಬ್ಬನಾದ ನನ್ನ ಮೊಮ್ಮಗನಿಗೂ, ಒಂದಿಷ್ಟು ರಾಜ್ಯಶಾಸ್ತ್ರ ಕಲಿಸಲು ನಮ್ಮ ಕೂಟಗಲ್ಲಿನ ಕೆರೆಗೇ ಕರೆತಂದಿದ್ದರು. ಕೋಟಿನ ಗುಂಡಿ ತಿರುವುತ್ತಾ, "ಯಾರ ಮಾತು ನಡೆಯುತ್ತೆ, ಅದನ್ನ ನೋಡಿ" ಎನ್ನುವುದು ಅವರ ಅಭ್ಯಾಸ.

ಅಂದು ಕೆರೆಯ ನೀರು ಹಂಚುವ ನೀರುಗಂಟಿ ಪಟೇಲರ ಗದ್ದೆಗೆ ನೀರು ಬಿಟ್ಟಿದ್ದ. ಕಾಲುವೆಯ ಕೊನೆಯಲ್ಲಿದ್ದ ನನ್ನ ಪೈರು ಬಾಡುತ್ತಿತ್ತು.

"ಒಣಗೋ ಪೈರಿಗೇ ನೀರಿನ ಬೆಲೆ ಹೆಚ್ಚು, ಮೊದಲು ಅದಕ್ಕೆ ಬಿಡು" ಎಂದ ಮೊಮ್ಮಗ. ಎಂಥ ಬುದ್ಧಿ ನನ್ನ ಚಿನ್ನಕ್ಕೆ!

"ಬೆಲೆಗಿಲೆ ನಂಗೊತ್ತಿಲ್ಲ ಕಣಪ್ಪ, ಪಟೇಲ್ರು ಹೇಳ್ಬೇಕು" ಎಂದ ನೀರುಗಂಟಿ.

ಮೇಷ್ಟ್ರು ಗುಂಡಿ ತಿರುವುತ್ತಾ ಮುಂದೆ ಬಂದರು. ಆ ಕೋಟು ಕಂಡು ನೀರುಗಂಟಿ ಬೆಚ್ಚಿ ಕೈಮುಗಿದ.

"ತಾಲ್ಲೂಕಿನ ಅಮಲ್ದಾರ್ ಸಾಹೇಬ್ರೇ ಬಂದವ್ರೆ ಅಂತ ಮೊದ್ಲೇ ಹೇಳ್ಬಾರ್ದಾ ಗೌಡ!" ಎಂದು ನನ್ನನ್ನೇ ಗದರಿ, ನೀರನ್ನು ನನ್ನ ಗದ್ದೆಗೆ ತಿರುಗಿಸಿದ.

ಮೇಷ್ಟ್ರು ಅವನನ್ನು ತಿದ್ದಲಿಲ್ಲ. ಗದ್ದೆ ತುಂಬುವ ತನಕ ನಾನೂ ತಿದ್ದಲಿಲ್ಲ.