ದೂರಕ್ಕೆ ಕಾಣುವ ಜಾಕೆಟ್ಟು

ನಮ್ಮಣ್ಣ ನಿಂಗರಾಜುವಿನ ಜೊತೆ ಬಟ್ಟೆ ಅಂಗಡಿಗೆ ಹೋಗುವುದೆಂದರೆ ನನಗೆ ಸಾಕಪ್ಪಾ ಸಾಕು ಅನಿಸಿಬಿಡುತ್ತದೆ. ಒಂದು ಟವೆಲ್ಲು ಕೊಳ್ಳಬೇಕಾದರೂ ಅಂಚು ಹಿಡಿದು ಎಳೆಯುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ, ಮೂಸಿ ನೋಡುತ್ತಾನೆ, ಕೊನೆಗೆ ‘ಆಮೇಲ್ ನೋಡಾವ’ ಎಂದು ಎದ್ದುಬಿಡುತ್ತಾನೆ. ಅಂಗಡಿಯವರ ಮುಖ ನೋಡಲಾಗದೆ ನಾನು ಎಷ್ಟೋ ಸಲ ಬೇಡದ ಕರ್ಚೀಫು ಕೊಂಡು ಬಂದಿದ್ದೇನೆ. ಅಂಥವನು ಈ ಸಲದ ಪಿತೃಪಕ್ಷದಲ್ಲಿ ತಾನಾಗಿಯೇ ಫೋನ್ ಮಾಡಿದ.

“ಇಂದ್ರಾ, ಭಾನ್ವಾರ ರಜ ಅಲ್ವಾ ನಿಂಗೆ? ಒಂದ್ ಜಾಕೆಟ್ ತಕಬೇಕು ಕಣಮ್ಮಿ. ಮಳೆ ತಡಿಯಂತದ್ದು. ನೀನೂ ಬಾ, ನಿಂಗ್ ಒಲಿಗೆ ಗೊತ್ತಾಯ್ತದೆ.”

ನಂಜನಗೂಡಿನ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ನೋಡುವ ಕೆಲಸ ನನ್ನದು. ಅದಕ್ಕೇ ಕರೆದನೆಂದುಕೊಂಡೆ.

“ಯಾರ್ಗಣ್ಣ?”

“ಇನ್ಯಾರ್ಗೆ? ಜಗನ್‌ಗೆ.”

ಜಗನ್ ಅಣ್ಣನ ಒಬ್ಬನೇ ಮಗ, ನನ್ನ ಸೋದರಳಿಯ. ಹೋದ ವರ್ಷ ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟು ಕಪಿಲೆ ಏರಿದಾಗ ಅವನ ತೆಪ್ಪ ಮಗುಚಿತು. ತೆಪ್ಪ ಸಿಕ್ಕಿತು, ಹುಟ್ಟು ಸಿಕ್ಕಿತು, ಹರಿದ ಬಲೆಯೂ ಸಿಕ್ಕಿತು. ಹುಡುಗ ಸಿಗಲಿಲ್ಲ.

ಫೋನ್ ಇಡುವಷ್ಟರಲ್ಲಿ ಅತ್ತಿಗೆ ಮುದ್ದಮ್ಮನ ಫೋನು ಬಂತು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. “ಇಂದ್ರಮ್ಮ, ನಿಮ್ಮಣ್ಣ ಒಪ್ಕಂಡ್ರು ಕಣವ್ವ! ಮಗಿಗೆ ಒಸ ಬಟ್ಟೆ ತತ್ತೀನಿ ಅಂದ್ರು. ಈ ಸಲ ಎಡೆ ಮಡಗ್ತೀನಿ ಕಣವ್ವ, ನನ್ ಕೂಸು ಉಣ್ತದೆ.”

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಅವರವರು ಇಷ್ಟಪಡುತ್ತಿದ್ದ ಅಡಿಗೆ ಮಾಡಿ, ಎಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು ಎಡೆ ಕೊಡುತ್ತೇವೆ. ಎಡೆ ಕಾಣದ ಜೀವ ಹಸಿದುಕೊಂಡು ಅಲೆಯುತ್ತದೆ ಎಂದು ಅತ್ತಿಗೆ ನಂಬಿದ್ದಾಳೆ. ನಾನೂ ನಂಬುತ್ತೇನೆ, ಸುಳ್ಳು ಯಾಕೆ ಹೇಳಲಿ. ಹೋದ ವರ್ಷ ಅವಳು ಮಗನ ಹೆಸರಲ್ಲಿ ಎಲೆ ಹಾಸಲು ಹೋದಾಗ ಅಣ್ಣ ಆ ಎಲೆಯನ್ನು ಮುದುರಿ ಹೊರಗೆಸೆದಿದ್ದ. ‘ಬದುಕಿರೋನ್ಗೆ ಎಡೆ ಮಡಗ್ತಿಯಾ?’ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದ. ಆಮೇಲೆ ಇಡೀ ವರ್ಷ ಅತ್ತಿಗೆಯ ಬಾಯಿಗೆ ಒಂದು ತುತ್ತೂ ನೆಟ್ಟಗೆ ಇಳಿದಿಲ್ಲ. ತಟ್ಟೆ ಮುಂದೆ ಕೂತರೆ ಮಗನ ಹೊಟ್ಟೆ ನೆನಪಾಗುತ್ತದಂತೆ. ರವಿಕೆಗಳೆಲ್ಲ ಜೋಲು ಬಿದ್ದು, ಎಲ್ಲವನ್ನೂ ನಾನೇ ಹಿಡಿದು ಹೊಲಿದು ಕೊಟ್ಟಿದ್ದೆ.

ಇದರಲ್ಲಿ ನನಗೆ ಸಿಟ್ಟು ಬರುವುದು ಎಲ್ಲಿ ಎಂದರೆ, ಹೊಳೆಯ ವಿಷಯ ನಮ್ಮಣ್ಣನಿಗೆ ಗೊತ್ತಿಲ್ಲದ್ದೇನೂ ಅಲ್ಲ. ನಂಜನಗೂಡಿಗೂ ತಿರುಮಕೂಡಲಿಗೂ ನಡುವೆ ನಮ್ಮೂರು, ಮನೆಯ ಹಿಂದೆಯೇ ಕಪಿಲೆ. ಎಮ್ಮೆಯ ಬಾಲ ಹಿಡಿದು ಈಜು ಕಲಿತವನು ಅವನು. ನನಗೂ ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ ಕಲಿಸಿದ. ನಾನು ನೀರು ಕುಡಿದು ಅತ್ತರೆ ‘ಇನ್ನೊಂದ್ ಗುಟುಕು ಕುಡಿ, ಬಾಯಾರ್ಕೆ ಓಯ್ತದೆ’ ಎಂದು ನಗುತ್ತಿದ್ದ. ಮೀನು ಹಿಡಿಯುವುದನ್ನು ಅವನು ಶಿಕಾರಿ ಎಂದೇ ಕರೆಯುವುದು. ಹೊಳೆಯ ಯಾವ ಮಡುವಿನಲ್ಲಿ ಸುಳಿ, ಎಲ್ಲಿ ಕಲ್ಲು, ಎಲ್ಲಿ ಕೆಸರು ಎಲ್ಲ ಅವನಿಗೆ ಅಂಗೈ ಮೇಲೆ. ಯಾರಾದರೂ ಮುಳುಗಿದರೆ ಪೊಲೀಸರು ಮೊದಲು ಅವನಿಗೇ ಹೇಳಿಕಳಿಸುತ್ತಿದ್ದರು. ಟಿ. ನರಸೀಪುರದ ಸಂಗಮದಿಂದಲೂ ಕರೆ ಬರುತ್ತಿತ್ತು. ಮುಳುಗಿ ಹೆಣ ತೆಗೆದು, ದಡಕ್ಕೆ ತಂದು, ಯಾರಿಂದಲೂ ಒಂದು ಕಾಸೂ ತೆಗೆದುಕೊಳ್ಳದೆ, ಅಲ್ಲೇ ಮಿಂದು ಮನೆಗೆ ಬರುತ್ತಿದ್ದ. ಎಷ್ಟು ಹುಡುಕಿದರೂ ಸಿಗದಿದ್ದರೆ ಆ ಮನೆಯವರ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳುತ್ತಿದ್ದ: ‘ಒಳೆ ಕೊಡ್ನಿಲ್ಲ ಕಣಪ್ಪಾ. ಕಾಯ್ಬ್ಯಾಡಿ. ಓಗಿ ಎಡೆ ಮಡಗಿ.’ ಎಷ್ಟು ಜನ ತಾಯಂದಿರಿಗೆ ಈ ಮಾತು ಹೇಳಿದವನು, ತನ್ನ ಮನೆಗೆ ಬಂದಾಗ ಮಾತ್ರ ಕಲ್ಲಾಗಿ ಕೂತ.

ಇರಲಿ, ಭಾನುವಾರ ಅಣ್ಣ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದ. ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಪರವಾಗಿಲ್ಲ, ಮನಸ್ಸು ತಿಳಿಯಾಗಿದೆ ಎಂದುಕೊಂಡೆ. ಪೇಟೆಯಲ್ಲಿ ನಂಜೇಶ್ ಎಂಬುವರ ರೆಡಿಮೇಡ್ ಅಂಗಡಿಗೆ ಕರೆದುಕೊಂಡು ಹೋದೆ. ಪಕ್ಷದ ದಿನಗಳು, ಒಳಗೆ ಕಾಲಿಡಲು ಜಾಗವಿರಲಿಲ್ಲ.

“ಬನ್ನಿ ಅಣ್ಣ, ಎಡೆಗಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ನಂಜೇಶ್ ಕೆಳಗಿನ ಅಟ್ಟಿಯಿಂದ ಒಂದು ಜಾಕೆಟ್ಟು ಎಳೆದರು. ಎಡೆಗಿಡಲು ಅಂತಲೇ ತರಿಸುವ ಮಾಲು ಅದು. ಕವರಿನಲ್ಲಿ ನೋಡಲು ಚೆಂದ, ತೊಟ್ಟರೆ ಎರಡನೇ ದಿನಕ್ಕೆ ಕಂಕುಳು ಬಿಡುತ್ತದೆ.

ಅಣ್ಣ ಕವರು ಬಿಚ್ಚಲೂ ಇಲ್ಲ. “ಗಟ್ಟಿದು ತಗೀರಿ ಸಾ. ದಿನಾ ಆಕ್ಕಳಕ್ಕೂ ಆಗ್ಬೇಕು, ಶಿಕಾರಿಗೂ ಆಗ್ಬೇಕು.”

ನಂಜೇಶ್ ನನ್ನ ಮುಖ ನೋಡಿದರು. ನಾನು ಕಣ್ಣಲ್ಲೇ ‘ತೆಗೀರಿ’ ಎಂದೆ. ಎಡೆಯಾದ ಮೇಲೆ ಆ ಬಟ್ಟೆಯನ್ನು ಮನೆಯವರೇ ತೊಡುವುದು ವಾಡಿಕೆ. ಅಣ್ಣ ತಾನೇ ಹಾಕಿಕೊಳ್ಳಬಹುದು, ಗಟ್ಟಿ ಇದ್ದರೆ ಒಳ್ಳೆಯದೇ ಅಲ್ಲವೇ.

ಒಂದೊಂದಾಗಿ ಬಂದವು. ನಾನು ಒಳಮಗ್ಗುಲು ತಿರುಗಿಸಿ ಹೊಲಿಗೆ ಮೇಲೆ ಪಟ್ಟಿ ಅಂಟಿಸಿದ್ದಾರೋ ಇಲ್ಲವೋ ನೋಡಿದೆ. ಪಟ್ಟಿ ಇಲ್ಲದಿದ್ದರೆ ಸೂಜಿ ತೂತಿನಲ್ಲೇ ನೀರು ಇಳಿಯುತ್ತದೆ. ಅಣ್ಣ ಬಾಟಲಿಯಿಂದ ತೋಳಿನೊಳಕ್ಕೆ ನೀರು ಸುರಿದು, ತುದಿ ಹಿಡಿದು, ತೊಟ್ಟಿಕ್ಕುತ್ತದೆಯೋ ಎಂದು ಕಾದ. ಅಂಗಡಿ ತುಂಬ ಜನ ಮಿಕಮಿಕ ನೋಡುತ್ತಿದ್ದರು. ಆಮೇಲೆ ಜಿಪ್ಪಿಗೆ ಕೈ ಹಾಕಿದ. ಹಾಕುವುದು, ಎಳೆಯುವುದು, ಹಾಕುವುದು, ಎಳೆಯುವುದು.

“ಒಂದೇ ಎಳ್ತಕ್ ಬಿಚ್ಕಬೇಕು ಸಾ. ನೀರಲ್ಲಿ ಎರಡ್ನೇ ಎಳ್ತಕ್ ಟೇಮ್ ಇರಕಿಲ್ಲ.”

ನಂಜೇಶ್ ಪಾಪ, ಏನೂ ತಿಳಿಯದೆ ಉತ್ಸಾಹದಲ್ಲಿ ಮೇಲಿನ ಅಟ್ಟದಿಂದ ಹಸಿರು ಮಿಲಿಟರಿ ಚಿತ್ತಾರದ ಒಂದು ಜಾಕೆಟ್ಟು ಇಳಿಸಿದರು. “ಶಿಕಾರಿಗಾದ್ರೆ ಇದೇ ಅಣ್ಣ. ಕಾಡಲ್ಲೂ ಕಾಣಲ್ಲ, ನೀರಲ್ಲೂ ಕಾಣಲ್ಲ. ಮೀನಿಗಂತೂ ಗೊತ್ತೇ ಆಗಲ್ಲ.”

ಅಯ್ಯೋ ದೇವರೇ. ಹೋದ ವರ್ಷ ಜಗನ್ ಹಾಕಿಕೊಂಡಿದ್ದದ್ದು ಅಂಥದ್ದೇ. ಅವನು ನೀಲಿ ಬೇಕು ಎಂದಿದ್ದನಂತೆ. ದಡದ ಜೊಂಡಿನಲ್ಲಿ ನಿಂತರೆ ಮೀನು ಬೆದರಬಾರದು ಎಂದು ಅಣ್ಣನೇ ಹಸಿರು ಕೊಡಿಸಿದ್ದ. ಆಮೇಲೆ ಹುಡುಕುವಾಗ ಹೊಳೆ ತುಂಬ ಕಿತ್ತುಬಂದ ಅಂತರಗಂಗೆ, ಜೊಂಡು, ಮುರಿದ ಕೊಂಬೆ. ಎತ್ತ ನೋಡಿದರೂ ಹಸಿರು. ಕಾಣಿಸಿದ ಪ್ರತಿ ಹಸಿರಿಗೂ ಅಣ್ಣ ನೀರಿಗೆ ಹಾರುತ್ತಿದ್ದ. ಕೊನೆಗೆ ಊರಿನವರು ಅವನನ್ನು ತೆಪ್ಪಕ್ಕೆ ಹಗ್ಗ ಹಾಕಿ ಕಟ್ಟಿ ದಡಕ್ಕೆ ತಂದರು.

ಅಣ್ಣ ಆ ಜಾಕೆಟ್ಟನ್ನು ಮುಟ್ಟಲಿಲ್ಲ. ಸಿಟ್ಟೂ ಮಾಡಲಿಲ್ಲ. ಮೆಲ್ಲಗೆ ಹೇಳಿದ: “ಮೀನ್ಗ್ ಕಾಣ್ದಿದ್ದು ಅಪ್ಪನ್ಗೂ ಕಾಣಕಿಲ್ಲ ಸಾ. ದೂರಕ್ ಕಾಣಾ ಬಣ್ಣ ಕೊಡಿ.”

ಕಿತ್ತಳೆ ಬಣ್ಣದ್ದು ಒಂದಿತ್ತು, ರಸ್ತೆ ಕೆಲಸದವರು ಹಾಕುವಂಥ ಕಣ್ಣಿಗೆ ರಾಚುವ ಬಣ್ಣ. ಅದನ್ನು ಅಂಗಡಿಯ ಹುಕ್ಕಿಗೆ ನೇತುಹಾಕಿಸಿ, ಬೀದಿ ದಾಟಿ ಆ ಕಡೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿ ಬಂದ. “ಕಾಣ್ತದೆ” ಎಂದ. ಅವನ ಮುಖದಲ್ಲಿ ವರ್ಷದಿಂದ ಕಾಣದಿದ್ದ ಒಂದು ನೆಮ್ಮದಿ.

“ಸೈಜು ಅಣ್ಣ?” ಎಂದರು ನಂಜೇಶ್.

“ಓದ್ಸಲಕ್ಕಿಂತ ಒಂದ್ ಸೈಜ್ ದೊಡ್ದು ಕೊಡಿ. ವರ್ಸಾಯ್ತಲ್ಲ, ಬೆಳ್ದಿರ್ತಾನೆ. ಎದೆ ತುಂಬ್ಕಂಡಿರ್ತದೆ.”

ಅಲ್ಲಿಗೆ ನನಗೆ ಗೊತ್ತಾಯಿತು. ಇದು ಎಡೆಗೆ ತೆಗೆದ ಬಟ್ಟೆ ಅಲ್ಲ. ಬದುಕಿರುವ ಮಗನಿಗೆ, ನಾಳೆಯೋ ನಾಡಿದ್ದೋ ಬಂದು ತೊಡುವವನಿಗೆ ತೆಗೆದದ್ದು. ಅತ್ತಿಗೆ ಅಡಿಗೆಗೆ ಏನೇನು ಮಾಡಲಿ ಎಂದು ಲೆಕ್ಕ ಹಾಕುತ್ತ ಕೂತಿರುತ್ತಾಳಲ್ಲ, ಅವಳಿಗೆ ಏನೆಂದು ಹೇಳಲಿ? ಅಂಗಡಿಯ ಕನ್ನಡಿಗೆ ಮುಖ ತಿರುಗಿಸಿಕೊಂಡು ಅತ್ತೆ. ತೆಪ್ಪ ಮಗುಚಿದ ದಿನವೂ ನನಗೆ ಅಷ್ಟು ದುಃಖವಾಗಿರಲಿಲ್ಲ.

ಅಮಾವಾಸ್ಯೆಗೆ ಊರಿಗೆ ಹೋದೆ. ಬೆಳಗಿನಿಂದ ಜಡಿಮಳೆ. ಜಾಕೆಟ್ಟು ಗೋಡೆಯ ಗೂಟದಲ್ಲಿ ಕವರಿನೊಳಗೇ ತೂಗುತ್ತಿತ್ತು. ಅತ್ತಿಗೆ ಯಾವಾಗ ಕೇಳಿದರೂ ಅಣ್ಣ ‘ಬಂದ್ ಆಕ್ಕತಾನೆ, ಮುಟ್ಬ್ಯಾಡ’ ಎನ್ನುತ್ತಿದ್ದನಂತೆ. ಅವಳು ಒಲೆ ಮುಂದೆ ಕೂತು ಮೀನು ಸಾರು ಮಾಡಿದಳು, ವಡೆ ಕರಿದಳು, ಪಾಯಸ ಕಾಯಿಸಿದಳು. ಸಂಜೆ ಅಪ್ಪನಿಗೊಂದು, ಅವ್ವನಿಗೊಂದು ಎಲೆ ಹಾಸಿ, ಪಕ್ಕದಲ್ಲಿ ಮೂರನೆಯ ಎಲೆ ಹಾಸಿದಳು.

ಅಣ್ಣ ಎದ್ದು ಬಂದ. “ಅದ್ಯಾರ್ಗೆ?”

“ನನ್ ಮಗಿಗೆ.”

“ತಗಿ ಅದ್ನ.”

“ತಗಿಯಕಿಲ್ಲ.” ಅತ್ತಿಗೆ ಮೊದಲ ಸಲ ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು. “ಊರೋರ್ ಮಕ್ಳಿಗೆಲ್ಲ ಎಡೆ ಮಡಗಿ ಅಂದ್ರಿ. ನನ್ ಮಗ ಏನ್ ಪಾಪ ಮಾಡಿತ್ತು? ಅವ್ನು ಆಕ್ಕಳಕ್ ಬರಕಿಲ್ಲ ಕಣ್ರೀ, ಉಣ್ಣಕ್ ಬತ್ತಾನೆ. ಬಂದು ಎಲೆ ಇಲ್ದೆ ವಾಪಸ್ ಓದ್ರೆ ಎಲ್ಗೋಗ್ತಾನೆ?”

ಅಣ್ಣನ ಕೈ ಎಲೆಯ ಕಡೆಗೆ ಹೋಯಿತು. ನಾನು ಅಡ್ಡ ನಿಂತೆ. “ಅಣ್ಣಾ, ನಿಂಗ್ ಕೈ ಮುಗಿತೀನಿ. ಅತ್ತಿಗೆ ಸಾಯ್ತಾವ್ಳೆ, ಕಾಣಕಿಲ್ವಾ ನಿಂಗೆ?” ಎಂದು ಕಿರುಚಿಬಿಟ್ಟೆ. ಅವನು ಅವಳನ್ನು ನೋಡಿದ, ಸಡಿಲವಾದ ಬಳೆಗಳನ್ನು ನೋಡಿದ. ಗೋಡೆಗೊರಗಿ ಕುಸಿದು ಕೂತ.

ಅತ್ತಿಗೆ ಮೂರು ಎಲೆಗೂ ಬಡಿಸಿ ದೀಪ ಹಚ್ಚಿದಳು. ಎಡೆ ಇಟ್ಟಾದ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಬದುಕಿದವರು ಒಳಗಿದ್ದರೆ ಹೋದವರು ಬಂದು ಉಣ್ಣುವುದಿಲ್ಲ. ನಾವಿಬ್ಬರೂ ಜಗಲಿಗೆ ಬಂದೆವು. ಅಣ್ಣ ಒಳಗೇ ಕೂತಿದ್ದ. ಕರೆಯಲು ಹೋದರೆ ಅತ್ತಿಗೆ ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಮಳೆ ಸೂರಿನಿಂದ ಸುರಿಯುತ್ತಿತ್ತು, ಅವಳ ತುಟಿ ಅಲುಗುತ್ತಿತ್ತು. ಅವನು ಹೊರಗೆ ಬರದಿದ್ದರೆ ಈ ಸಲವೂ ಹುಡುಗ ಹಸಿದೇ ಹೋಗುತ್ತಾನೆ.

ಒಳಗಿನಿಂದ ಪ್ಲಾಸ್ಟಿಕ್ ಕವರು ಹರಿದ ಸದ್ದು ಬಂತು. ಆಮೇಲೆ ಜಿಪ್ಪು ಎಳೆದ ಸದ್ದು, ಒಂದೇ ಎಳೆತ. ಬಾಗಿಲ ಸಂದಿಯಿಂದ ಇಣುಕಿದೆ. ಅಣ್ಣ ಆ ಕಿತ್ತಳೆ ಜಾಕೆಟ್ಟನ್ನು ಮೂರನೆಯ ಎಲೆಯ ಪಕ್ಕ ಮಡಿಚಿಟ್ಟು, ಅದರ ಮೇಲೆ ಎರಡೂ ಅಂಗೈ ಊರಿ, ತಲೆ ತಗ್ಗಿಸಿದ್ದ. ಸುಮಾರು ಹೊತ್ತಿನ ಮೇಲೆ ಎದ್ದು, ಹೊರಗೆ ಬಂದು, ತಾನೇ ಬಾಗಿಲು ಎಳೆದುಕೊಂಡ. ಜಗಲಿ ಇಳಿದು ಮಳೆಯಲ್ಲೇ ನಿಂತ. ‘ನೆನಿತಿದ್ದೀಯ ಅಣ್ಣ, ಮೇಲ್ ಬಾ’ ಎಂದರೆ ಕೇಳಿಸಿಕೊಳ್ಳಲಿಲ್ಲ. ಅತ್ತಿಗೆಯೂ ಇಳಿದು ಅವನ ಪಕ್ಕ ನಿಂತಳು. ಇಬ್ಬರೂ ತೊಯ್ದು ತೊಪ್ಪೆಯಾದರು.

ಅಕ್ಕಪಕ್ಕದ ಮನೆಯವರೆಲ್ಲ ಬಾಗಿಲು ತೆರೆದು ಊಟಕ್ಕೆ ಕೂತರು. ನಮ್ಮದೂ ಹೊತ್ತಾಯಿತು ಎಂದು ನಾನು ಅಗುಳಿಗೆ ಕೈ ಹಾಕಿದೆ. ಅಣ್ಣ ಓಡಿಬಂದು ನನ್ನ ಕೈ ಹಿಡಿದುಕೊಂಡ.

“ಇರಮ್ಮಿ, ತಗಿಬ್ಯಾಡ,” ಎಂದ. “ಅವ್ನು ಉಣ್ಣಾದು ನಿಧಾನ.”