ಗಂಗೆಯಾಚೆಯ ಪುಕ್ಕಟೆ ಮಾತ್ರೆ

ಕಾಶಿಯ ಸೋನಾರ್‌ಪುರದ ಔಷಧಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಬಿಪಿ ಮಾತ್ರೆ ಕೊಳ್ಳುತ್ತಿದ್ದ ಶಾರದಮ್ಮನವರನ್ನು ಕಂಡು ದಂಗಾದೆ. ನಮ್ಮ ಪಕ್ಕದ ಕೋಣೆಯಲ್ಲಿ ಕಾಶೀವಾಸಕ್ಕಿರುವ ಅವರಿಗೆ, ತೀರಿಹೋದ ಯಜಮಾನರ ಸರ್ಕಾರಿ ನೌಕರಿಯಿಂದಾಗಿ ಮಾತ್ರೆಗಳೆಲ್ಲ ಪುಕ್ಕಟೆ ಸಿಗುವ ಕಾರ್ಡಿದೆ. ಅದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯುರಿ. ನಾನೂ ವರ್ಷವರ್ಷ ವಿಮೆ ಕಟ್ಟುತ್ತೇನೆ. ಆಸ್ಪತ್ರೆಯಲ್ಲಿ ಮಲಗಿದರಷ್ಟೇ ಅದರ ಉಪಯೋಗ. ದಿನನಿತ್ಯದ ಮಾತ್ರೆಗೆ ಬಿಡಿಗಾಸೂ ಹುಟ್ಟುವುದಿಲ್ಲ.

“ಕಾರ್ಡು ಏನಾಯ್ತು ಶಾರದಮ್ಮ?” ಎಂದೆ. ಕಳೆದುಹೋಗಿದ್ದರೆ ಬೇಸರವೇನೂ ಆಗುತ್ತಿರಲಿಲ್ಲ.

“ಇದೆ ಕಣ್ರೀ. ಮಾತ್ರೆ ಕೊಡೋ ದವಾಖಾನೆ ಗಂಗೆ ಆಚೆ ದಡದಲ್ಲಿದೆ, ನಾನೇ ಹೋಗಿ ಸಹಿ ಹಾಕ್ಬೇಕಂತೆ. ಕಾಶಿ ಎಲ್ಲೆ ದಾಟಲ್ಲ ಅಂತ ಸಂಕಲ್ಪ ಮಾಡ್ಕೊಂಡು ಬಂದಿದೀನಲ್ಲ. ಆ ದಡದಲ್ಲಿ ಪ್ರಾಣ ಹೋದ್ರೆ ಕತ್ತೆ ಜನ್ಮ ಅಂತಾರೆ. ಪುಕ್ಕಟೆ ಮಾತ್ರೆ ಆಸೆಗೆ ಕತ್ತೆ ಆಗ್ಲಾ?” ಎಂದು ನಕ್ಕರು. ಆಮೇಲೆ ಅಂಗಡಿಯವನತ್ತ ತಿರುಗಿ, “ಭೈಯಾ, ಆಧಾ ಪತ್ತಾ ಹೀ ದೇನಾ” ಎಂದು ಅರ್ಧ ಪಟ್ಟಿಯನ್ನಷ್ಟೇ ಕತ್ತರಿಸಿ ಕೊಡಲು ಹೇಳಿದರು.

ಅವರು ನಕ್ಕ ರೀತಿಗೆ ಈಗ ಇನ್ನಷ್ಟು ಹೊಟ್ಟೆಯುರಿಯುತ್ತಿದೆ. ನಾನೂ ಮೋಕ್ಷ ಬೇಕೆಂದೇ ಈ ಊರಿಗೆ ಬಂದವಳು. ಆದರೆ ಆ ಕಾರ್ಡು ನನ್ನ ಕೈಯಲ್ಲಿದ್ದಿದ್ದರೆ, ಕತ್ತೆಯಾದರೂ ಸರಿ ಎಂದು ಬೆಳಗಿನ ಮೊದಲ ದೋಣಿಯನ್ನೇ ಹತ್ತುತ್ತಿದ್ದೆ.